ಗಾರ್ಡ್ ಲಿಸ್ಟ್ ನೋಡಿ ಬಸ್ ಹತ್ತೋದು

ನಮ್ಮ ಮನೆಯವರು ಸೈನ್ಯದಲ್ಲಿದ್ದಾರೆ. ಫೀಲ್ಡ್‌ನಲ್ಲಿ, ಅಂದರೆ ಗಡಿ ಕಡೆ ಇದ್ದಷ್ಟು ದಿನ ಭಾನುವಾರ ಎಂದರೆ ಫೋನ್ ಕಾಯುವುದಷ್ಟೇ ಆಗಿತ್ತು. ಈಗ ಬೆಳಗಾವಿಯಲ್ಲಿ ಪೀಸ್ ಪೋಸ್ಟಿಂಗ್, ಅಂದರೆ ಗಡಿಯಿಂದ ದೂರದ ಡ್ಯೂಟಿ. ನಾನು ಕೊಪ್ಪಳದಲ್ಲಿ ಟೀಚರ್. ಕ್ವಾರ್ಟರ್ಸ್ ಪಾಳಿ ಇನ್ನೂ ಬಂದಿಲ್ಲ, ಅತ್ತೆಯೊಬ್ಬರನ್ನೇ ಬಿಟ್ಟು ಅಲ್ಲೇ ಇರೋಕೂ ಆಗಲ್ಲ. ಹಾಗಾಗಿ ತಿಂಗಳಿಗೆ ಎರಡು ಸಲ ಮಗಳನ್ನು ಕರೆದುಕೊಂಡು ನಾನೇ ಹೋಗಿಬರುತ್ತೇನೆ.

ಮೊದಮೊದಲು ಕ್ಯಾಲೆಂಡರ್ ನೋಡಿ ದಿನ ಗೊತ್ತು ಮಾಡುತ್ತಿದ್ದೆ. ಒಂದು ಶನಿವಾರ ಬಸ್ಸು ಅಣ್ಣಿಗೇರಿ ದಾಟಿತ್ತು, ಫೋನ್ ಬಂತು. "ಎಲ್ಲಿ ಅದೀ? ಗಾರ್ಡ್ ಡ್ಯೂಟಿ ಬಿದ್ದೈತಿ, ನಾಳೆ ಹೊರಗ ಬಿಡಂಗಿಲ್ಲ." ಹುಬ್ಬಳ್ಳಿಯಲ್ಲಿ ಇಳಿದೆವು. ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ರೊಟ್ಟಿ ಗಂಟು ಬಿಚ್ಚಿದೆ. ಅಪ್ಪನಿಗೆಂದು ಕಟ್ಟಿದ್ದ ಶೇಂಗಾ ಚಟ್ನಿಪುಡಿ, ಎಣ್ಣೆಗಾಯಿ ಎಲ್ಲ ನಾವಿಬ್ಬರೇ ತಿಂದು ಅದೇ ಸಂಜೆ ವಾಪಸ್. ಮಗಳು ಗದಗದ ತನಕ ಮಾತಾಡಲಿಲ್ಲ.

ಅಂದಿನಿಂದ ನಾನು ನೋಡುವುದು ಗಾರ್ಡ್ ಲಿಸ್ಟ್ ಮಾತ್ರ, ಅಂದರೆ ಕಾವಲು ಡ್ಯೂಟಿ ಯಾರಿಗೆ ಅನ್ನುವ ಪಟ್ಟಿ. ಶುಕ್ರವಾರ ಸಂಜೆ ಯಾರ ಹೆಸರು ಬಿತ್ತು ಅಂತ ಗೊತ್ತಾಗುತ್ತದೆ. ಅವರು ಒಂದೇ ಮಾತು ಕಳಿಸುತ್ತಾರೆ: "ಹೂಂ" ಅಥವಾ "ಬ್ಯಾಡ". "ಬ್ಯಾಡ" ಬಂದರೂ ನನಗೆ ಒಂದು ರೂಪಾಯಿ ಲುಕ್ಸಾನಾಗಬಾರದು, ಹಾಗೆ ಇಟ್ಟುಕೊಂಡಿದ್ದೇನೆ. ಖಡಕ್ ರೊಟ್ಟಿ ಒಂದು ವಾರ ಕೆಡಲ್ಲ. ಲಾಡ್ಜಿಗೆ ಅಡ್ವಾನ್ಸ್ ಕೊಡಲ್ಲ. ರೈಲು ಬಿಟ್ಟೇಬಿಟ್ಟೆ. ರೈಲಿನವರು 60 ದಿನ ಮೊದಲೇ ಸೀಟು ಕೊಡುತ್ತಾರೆ, ನಮ್ಮವರಿಗೆ ಭಾನುವಾರ ಸಿಗುತ್ತೋ ಇಲ್ಲವೋ ತಿಳಿಯುವುದು ಎರಡು ದಿನ ಮುಂಚೆ. ಹೆಂಗೆ ಕೂಡಿ ಬರಬೇಕು ಹೇಳಿ? ಬಸ್ಸಾದರೆ ಆಧಾರ್ ತೋರಿಸಿದರೆ ಸಾಕು. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದ ಮೇಲೆ ನನಗೂ ಮಗಳಿಗೂ ಜೀರೋ ಟಿಕೆಟ್. ರಾಜಹಂಸಕ್ಕೆ ಅದು ನಡೆಯಲ್ಲ, ಕೆಂಪು ಬಸ್ಸೇ ಹತ್ತಬೇಕು.

ಶನಿವಾರ ನಮಗೆ ಬೆಳಗಿನ ಶಾಲೆ. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಬಸ್ ಸ್ಟ್ಯಾಂಡಿನಲ್ಲಿದ್ದರೆ, ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ ಆರಕ್ಕೆಲ್ಲ ಬೆಳಗಾವಿ.

ಉಳಿಯುವ ವಿಷಯಕ್ಕೆ ಮಾತ್ರ ಜಾಸ್ತಿ ದಿನ ತಪ್ಪು ಮಾಡಿದೆ. ಅಲ್ಲಿ ನಮ್ಮ ದೂರದ ಚಿಕ್ಕಮ್ಮನ ಮನೆಯಿದೆ. ಲಾಡ್ಜ್ ಯಾಕೆ ಅಂತ ಅಲ್ಲೇ ಇಳಿಯುತ್ತಿದ್ದೆವು. ಇವರು ಔಟ್‌ಪಾಸ್ (ಹೊರಗೆ ಹೋಗಲು ಕೊಡುವ ಚೀಟಿ) ಮೇಲೆ ಬಂದರೆ ಚಿಕ್ಕಪ್ಪ ಪಡಸಾಲೆಯಲ್ಲಿ ಕೂರಿಸಿಕೊಂಡು "ಬಾರ್ಡರ್‌ನ್ಯಾಗ ಹೆಂಗೈತಿ ಪಾ?" ಅಂತ ಶುರು ಮಾಡುವರು. ನಾನು ಒಳಗೆ ಉಪ್ಪಿಟ್ಟು ತಿರುವುತ್ತಿದ್ದೆ. ಚಹಾ ಲೋಟ ಕೊಡುವಾಗ ಒಬ್ಬರ ಮುಖ ಒಬ್ಬರು ನೋಡಿದ್ದೇ ಆ ಭಾನುವಾರದ ಭೇಟಿ. ಈಗ ಕ್ಯಾಂಪಿನ ಹತ್ತಿರ ಸಣ್ಣ ಲಾಡ್ಜು. ಚಿಕ್ಕಮ್ಮನಿಗೆ ಬೇಜಾರಿದೆ, ಇರಲಿ.

ಬೆಳಿಗ್ಗೆ ಬಂದವರು ಮೊದಲು ಒಂದು ತಾಸು ಮಲಗುತ್ತಾರೆ. ಮೊದಲೆಲ್ಲ ಸಿಟ್ಟು ಬರುತ್ತಿತ್ತು, ಈಗ ಫ್ಯಾನ್ ಹಾಕಿ ಸುಮ್ನೆ ಕೂರುತ್ತೇನೆ. ಆಮೇಲೆ ಮಿಲಿಟರಿ ಮಹಾದೇವ ಗುಡಿ, ಅಲ್ಲಿನ ತೋಟ. ಮಗಳು ಆಡುತ್ತಿದ್ದರೆ ನಾವು ಕೂತಿರುತ್ತೇವೆ. ಸಾಲದ ಕಂತು, ಬೋರ್‌ವೆಲ್ ರಿಪೇರಿ, ಅತ್ತೆಯ ಗುಳಿಗೆ, ಇವೆಲ್ಲ ಗುರುವಾರ ಫೋನಿನಲ್ಲೇ ಮುಗಿದಿರಬೇಕು. ಇಲ್ಲದಿದ್ದರೆ ಭಾನುವಾರ ಪಂಚಾಯ್ತಿ ಕಟ್ಟೆಯಾಗುತ್ತದೆ. ಮೂರೂವರೆಗೆ ನಾನೇ ಎದ್ದು ಹೊರಡುತ್ತೇನೆ, ಸೋಮವಾರ ಶಾಲೆಯಿದೆಯಲ್ಲ.

ಇವರಿಗೆ ವರ್ಷಕ್ಕೆ 60 ದಿನ ಆನ್ಯುವಲ್ ಲೀವ್, 30 ದಿನ ಕ್ಯಾಶುವಲ್ ಲೀವ್. ಅದನ್ನು ಇಂಥ ಭಾನುವಾರಗಳಿಗೆ ಮುಟ್ಟಲ್ಲ. ಜನವರಿಯ ಗವಿಮಠದ ಜಾತ್ರೆಗೆ, ನಾಗರ ಪಂಚಮಿಗೆ ಅಂತ ಉಳಿಸುತ್ತೇವೆ. ಅದೂ ಕೈಗೆ ಬಂದಾಗಲೇ ನಿಜ. 2025ರ ಮೇನಲ್ಲಿ ಆಪರೇಷನ್ ಸಿಂಧೂರ ಶುರುವಾದಾಗ ನಮ್ಮವರ ರಜೆ ರದ್ದಾಯಿತು. ಬೇಸಿಗೆ ರಜೆಗೆಂದು ತುಂಬಿಟ್ಟ ಬ್ಯಾಗು ಮೂರು ವಾರ ಮಂಚದ ಕೆಳಗೇ ಇತ್ತು.

ಹೋಗುವ ದಿನವನ್ನು ಸ್ಟೇಟಸ್‌ಗೆ ಹಾಕಲ್ಲ. ಮಗಳಿಗೂ "ಹೂಂ" ಬರುವ ತನಕ ಹೇಳಲ್ಲ. ಆದರೆ ಅವಳು ಜಾಣೆ. ಶುಕ್ರವಾರ ಶೇಂಗಾ ಹುರಿಯುವ ವಾಸನೆ ಬಂದರೆ ಸಾಕು, ಚಪ್ಪಲಿ ಒರೆಸಿ ಬಾಗಿಲಲ್ಲಿ ಇಡುತ್ತಿದ್ದಳು. ಅದಕ್ಕೆ ಈಗ ಬುಧವಾರ, ಅವಳು ಶಾಲೆಯಿಂದ ಬರುವ ಮುಂಚೆಯೇ ಹುರಿದು ಡಬ್ಬಿ ಮುಚ್ಚಿಡುತ್ತೇನೆ.