ಹುತ್ತದ ಮುಂದೆ ಕೂತು ಉಡ ನೋಡಿದ್ದು

ಮೈದನಹಳ್ಳಿ ಕಡೆಗೆ ಜನ ಬರುವುದು ಕೃಷ್ಣಮೃಗ ನೋಡಲು. ನಾನು ಅಲ್ಲೇ ಹತ್ತಿರದ ನಮ್ಮ ಕಡ್ಲೆಕಾಯಿ ಹೊಲದ ಬದುವಿನಲ್ಲಿ ಉಡ ಕಾಯುತ್ತಾ ಕೂತೆ.

ಮೊದಲು ಕಂಡಿದ್ದು ಉಡ ಅಲ್ಲ, ಗೆರೆ. ಹುತ್ತದ ಬಾಯಿಂದ ಮಣ್ಣಿನ ಮೇಲೆ ಹಾವಿನ ಹಾಗೆ ಅಂಕುಡೊಂಕಾದ ಗೆರೆ, ಅದರ ಎರಡೂ ಪಕ್ಕ ಉಗುರಿನ ಗುರುತು. ನಡುವಿನ ಗೆರೆ ಬಾಲದ್ದು. ಪಕ್ಕದಲ್ಲೇ ಹಿಕ್ಕೆ ಬಿದ್ದಿತ್ತು. ಕಡ್ಡಿಯಿಂದ ಬಿಡಿಸಿದರೆ ಜೀರುಂಡೆಯ ರೆಕ್ಕೆ ಚೂರುಗಳು ಮಿಣಮಿಣ ಹೊಳೆದವು. ಉಡ ಅಂದರೆ ಕೋಳಿಮೊಟ್ಟೆ ಕಳ್ಳ ಅಂತ ಬೈಯುತ್ತೇವೆ, ಆದರೆ ಇದು ಜಾಸ್ತಿ ತಿಂದಿದ್ದು ಹುಳುಗಳನ್ನೇ.

ಮೊದಲ ಮೂರು ದಿನ ವ್ಯರ್ಥ. ತಲೆ ಹೊರಗೆ ಹಾಕುತ್ತಿತ್ತು, ಸರ್ರನೆ ಒಳಗೆ ಹೋಗುತ್ತಿತ್ತು. ಅಲ್ಲದೆ ಅವಸರಪಟ್ಟು ಹತ್ತಿರ ಹೋಗಿದ್ದು ನನ್ನದೇ ತಪ್ಪು. ಅದಾದ ಮೇಲೆ ಎರಡು ಗಂಟೆ ಕಾದರೂ ಬರಲಿಲ್ಲ. ಆಡು ಮೇಯಿಸುವ ತಾತ ನಕ್ಕರು: "ಮೇಷ್ಟ್ರೇ, ನಿಮ್ಮ ನೆರಳು ಹುತ್ತದ ಮೇಲೆ ಬೀಳ್ತೈತೆ, ಅದು ಹೆಂಗೆ ಬರುತ್ತೆ?" ಅದನ್ನು ನಾನು ಯೋಚಿಸಿಯೇ ಇರಲಿಲ್ಲ.

ಮರುದಿನ ಸೂರ್ಯ ಎದುರಿಗಿರುವ ಹಾಗೆ, ಬೇವಿನ ಮರದ ಕೆಳಗೆ, ಮೂವತ್ತು ಹೆಜ್ಜೆ ದೂರ ಕೂತೆ. ಬಿಸಿಲು ಏರಿದಾಗ ಬಂತು. ಹೊಟ್ಟೆಯನ್ನು ಚಪ್ಪಟೆ ಮಾಡಿ ಬಿಸಿಲಿಗೆ ಮೈ ಒಡ್ಡಿತು. ಆಮೇಲೆ ನಾಲಿಗೆ ಚಾಚುತ್ತಾ ನಡೆಯಿತು. ಸೀಳಿದ ನಾಲಿಗೆ ವಾಸನೆ ಹೆಕ್ಕುತ್ತದೆ, ಅಂಗುಳದ ಮೇಲಿನ ಅಂಗ ಅದನ್ನು ಗುರುತಿಸುತ್ತದೆ. ಒಂದು ಕಡೆ ನಿಂತು ಎಲೆ ಕೆದಕಿತು, ಮೂತಿ ತೂರಿಸಿತು, ಬಿಳಿ ಹುಳ ಎಳೆದು ನುಂಗಿತು. ಓಡುವಾಗ ಗಂಟಲು ಉಬ್ಬುವುದು ಬೈನಾಕ್ಯುಲರ್‌ನಲ್ಲಿ ಚೆನ್ನಾಗಿ ಕಂಡಿತು. ಓಟದಲ್ಲಿ ಉಸಿರು ಸಾಲದಾಗ ಗಂಟಲಿಂದಲೇ ಗಾಳಿ ಒಳಗೆ ತಳ್ಳುವ ಪ್ರಾಣಿ ಇದು.

ಥಾರ್ ಮರುಭೂಮಿಯಲ್ಲಿ ಇದರ ದಾಯಾದಿ ಮರಳುಗಾಡಿನ ಉಡ ಇದೆ. ಚಳಿಗಾಲ ಬಂದರೆ ಅದು ಬಿಲ ಸೇರಿ ಮಲಗಿಬಿಡುತ್ತದೆ. ನಮ್ಮದಕ್ಕೆ ಅಷ್ಟು ರಜೆ ಇಲ್ಲ.

ಕಂಜಿರ ಅನ್ನುವ ತಾಳವಾದ್ಯಕ್ಕೆ ಉಡದ ಚರ್ಮ ಹಾಕುತ್ತಿದ್ದ ಕಾಲವಿತ್ತು. ಈಗ 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ, ಹಿಡಿದರೆ ಜೈಲು. ಹಾಗಾಗಿ ನಾನು ಹುತ್ತ ಅಗೆಯಲಿಲ್ಲ. ಕೋಳಿಗೂಡಿಗೆ ಮಾತ್ರ ಸಣ್ಣ ಕಣ್ಣಿನ ಜಾಲರಿ ಬಿಗಿದೆ, ನೆಲದೊಳಗೆ ಒಂದು ಗೇಣು ಹೂತು.

ಮೊದಲ ಮಳೆ ಬಿದ್ದ ಬೆಳಿಗ್ಗೆ ಹುತ್ತದ ಮುಂದೆ ಗೆರೆ ಇರಲಿಲ್ಲ. ಬದುವಿನ ಆಚೆ, ಕೆರೆ ಕಡೆಗೆ ಹೊಸದೊಂದು ಗೆರೆ ಹೋಗಿತ್ತು.