ದ್ರಾವಣದಲ್ಲಿ ಬೆಳಗಿದ ಹರಳು ಪದರದಲ್ಲಿ ಮಂಕಾದದ್ದೇಕೆ

ಸುಮಾರು 1,200 ನ್ಯಾನೊಮೀಟರ್ ತರಂಗಾಂತರದ ಅವಕೆಂಪು ಎಲ್‌ಇಡಿಗಾಗಿ ನಾನು ಆರಿಸಿಕೊಂಡದ್ದು ಸೀಸದ ಸಲ್ಫೈಡ್‌ನ ನ್ಯಾನೊಹರಳುಗಳನ್ನು, ಅಂದರೆ ಗಾತ್ರ ಕಿರಿದಾದಷ್ಟೂ ಗಿಡ್ಡ ತರಂಗಾಂತರದ ಬೆಳಕು ಕೊಡುವ ಅತಿ ಸಣ್ಣ ಹರಳುಗಳನ್ನು. ಅವುಗಳ ತಯಾರಿಕೆ ಅಷ್ಟೇನೂ ಕಷ್ಟವಲ್ಲ. ಹಳದಿ ಬಣ್ಣದ ಸೀಸದ ಆಕ್ಸೈಡ್ ಪುಡಿಯನ್ನು ಒಲಿಯಿಕ್ ಆಮ್ಲದಲ್ಲಿ ಹಾಕಿ, ನಿರ್ವಾತದಲ್ಲಿ ನೀರಿನಂಶ ತೆಗೆಯುತ್ತ ಕಾಯಿಸಿದರೆ ದ್ರಾವಣ ತಿಳಿಯಾಗುತ್ತದೆ; ಸಿರಿಂಜ್‌ನಿಂದ ಗಂಧಕದ ಸಂಯುಕ್ತವನ್ನು ಒಮ್ಮೆಲೇ ಸೇರಿಸಿದೊಡನೆ ಫ್ಲಾಸ್ಕ್ ಕಾಫಿ ಡಿಕಾಕ್ಷನ್ನಿನಂತೆ ಕಪ್ಪಾಗುತ್ತದೆ. ಆ ಸಂಯುಕ್ತದ ನಾತವನ್ನು ಮಾತ್ರ ಇಂದಿಗೂ ಮರೆಯಲಾಗಿಲ್ಲ.

ದ್ರಾವಣದಲ್ಲಿ ಚೆನ್ನಾಗಿ ಬೆಳಗುತ್ತಿದ್ದ ಹರಳುಗಳು ಗಾಜಿನ ಮೇಲೆ ತೆಳುಪದರವಾದ ಕೂಡಲೇ ಮಂಕಾದವು. ಮೊದಲು ಅಳತೆಯನ್ನೇ ಶಂಕಿಸಿದೆ, ಏಕೆಂದರೆ ಟಿವಿ ರಿಮೋಟಿನ 940 ನ್ಯಾನೊಮೀಟರ್ ಬೆಳಕನ್ನು ಹಿಡಿಯಬಲ್ಲ ಸಿಲಿಕಾನ್ ಸಂವೇದಕ 1,100 ದಾಟಿದರೆ ಕುರುಡಾಗುತ್ತದೆ. ಇಂಡಿಯಂ ಗ್ಯಾಲಿಯಂ ಆರ್ಸೆನೈಡ್ ಸಂವೇದಕದಲ್ಲಿ ನೋಡಿದಾಗಲೂ ಫಲಿತಾಂಶ ಬದಲಾಗಲಿಲ್ಲ. ತಪ್ಪಿನ ಒಂದು ಪಾಲು ನನ್ನ ತೊಳೆಯುವ ಕ್ರಮದಲ್ಲಿತ್ತು: ಶುದ್ಧವಾಗಲೆಂದು ಮೆಥನಾಲ್‌ನಲ್ಲಿ ಮತ್ತೆ ಮತ್ತೆ ತೊಳೆದು ಸೆಂಟ್ರಿಫ್ಯೂಜ್ ಮಾಡುವಾಗ, ಒಲಿಯಿಕ್ ಆಮ್ಲದಿಂದ ಬಂದು ಹರಳಿನ ಮೇಲ್ಮೈಯನ್ನು ಕಾಯುತ್ತಿದ್ದ ಒಲಿಯೇಟ್ ಅಣುಗಳನ್ನೂ ಕಿತ್ತುಹಾಕುತ್ತಿದ್ದೆ. ಅಸಿಟೋನ್‌ಗೆ ಬದಲಿಸಿ, ತೊಳೆಯುವುದನ್ನು ಎರಡೇ ಸಲಕ್ಕೆ ನಿಲ್ಲಿಸಿದ ಮೇಲೆ ದ್ರಾವಣದ ಹೊಳಪು ಉಳಿಯಿತು, ಪದರದ್ದು ಉಳಿಯಲಿಲ್ಲ.

ಉಳಿದ ಪಾಲಿಗೆ ಕಾರಣ ಈ ಹರಳುಗಳ ಸ್ವಭಾವವೇ. ಗೋಚರ ಬೆಳಕು ಕೊಡುವ ಕ್ಯಾಡ್ಮಿಯಂ ಸೆಲೆನೈಡ್‌ನಲ್ಲಿ ಉದ್ರೇಕಗೊಂಡ ಸ್ಥಿತಿ (ಶಕ್ತಿ ಪಡೆದು, ಇನ್ನೂ ಬೆಳಕಾಗಿ ಬಿಡದ ಸ್ಥಿತಿ) ಹತ್ತಾರು ನ್ಯಾನೊಸೆಕೆಂಡ್ ಬಾಳಿದರೆ, ಇಲ್ಲಿ ಅದು ಮೈಕ್ರೊಸೆಕೆಂಡ್‌ನಷ್ಟು ಉಳಿಯುತ್ತದೆ. ಒತ್ತೊತ್ತಾಗಿ ಕುಳಿತ ಹರಳುಗಳ ನಡುವೆ ಶಕ್ತಿಯು ಅಷ್ಟು ಹೊತ್ತು ಒಂದರಿಂದ ಇನ್ನೊಂದಕ್ಕೆ ಹಾರುತ್ತ ಹೋಗಿ, ಕೊನೆಗೆ ಯಾವುದೋ ದೋಷವಿರುವ ಹರಳಿನಲ್ಲಿ ಬಿದ್ದು ಶಾಖವಾಗಿ ಹೋಗುತ್ತದೆ.

ಹರಳುಗಳನ್ನು ದೂರವಿಡಲು ಕ್ಯಾಡ್ಮಿಯಂ ಸಲ್ಫೈಡ್‌ನ ಚಿಪ್ಪು ಹೊದಿಸಬೇಕಾಯಿತು. ಕ್ಯಾಡ್ಮಿಯಂ ಒಲಿಯೇಟ್‌ನೊಂದಿಗೆ ಬಿಸಿ ಮಾಡಿದಾಗ ಹೊರಗಿನ ಸೀಸದ ಅಯಾನುಗಳ ಜಾಗಕ್ಕೆ ಕ್ಯಾಡ್ಮಿಯಂ ಬರುತ್ತದೆ. ಹರಳಿನ ಒಟ್ಟು ಗಾತ್ರ ಬದಲಾಗದೆ ಒಳಗಿನ ತಿರುಳು ಕುಗ್ಗುವುದರಿಂದ ಬೆಳಕು ಗಿಡ್ಡ ತರಂಗಾಂತರದ ಕಡೆಗೆ ಸರಿಯುತ್ತದೆ. ಇದನ್ನು ಲೆಕ್ಕಕ್ಕೆ ಹಿಡಿಯದೆ 1,200ರಲ್ಲೇ ಆರಂಭಿಸಿದ ನನ್ನ ಮೊದಲ ಮಾದರಿ ಗುರಿಯಿಂದ ಬಹಳ ಕೆಳಗೆ ಇಳಿಯಿತು. ಮುಂದಿನ ಸಲ 1,400ರ ಸುಮಾರಿನ ದೊಡ್ಡ ಹರಳುಗಳಿಂದ ಹೊರಟೆ.

ಇದೇ ಬಗೆಯ ಹರಳುಗಳಿಂದ ಅಮೆರಿಕದ ಎಂಐಟಿಯ ತಂಡ 2015ರಲ್ಲಿ ಶೇ. 4.3ರ ಬಾಹ್ಯ ಕ್ವಾಂಟಂ ದಕ್ಷತೆ (ಎಲ್‌ಇಡಿಗೆ ಹರಿಸಿದ ಎಲೆಕ್ಟ್ರಾನ್‌ಗಳಿಗೆ ಹೋಲಿಸಿದರೆ ಹೊರಬಂದ ಬೆಳಕಿನ ಕಣಗಳ ಪ್ರಮಾಣ) ಪಡೆದಿತ್ತು; ಅದರ ಹತ್ತಿರಕ್ಕೂ ನಾನು ಹೋಗಲಿಲ್ಲ. ಚಿಪ್ಪು ದಪ್ಪವಾದಷ್ಟೂ ಪದರ ಹೊಳೆಯುತ್ತಿತ್ತು, ಆದರೆ ವಿದ್ಯುದಾವೇಶ ತಿರುಳಿಗೆ ತಲುಪಲು ಹೆಚ್ಚು ವೋಲ್ಟೇಜ್ ಬೇಡುತ್ತಿತ್ತು. ಹಾಗಾಗಿ ಅತಿ ಹೊಳೆಯುವ ಮಾದರಿಯನ್ನು ಬದಿಗಿಟ್ಟು, ಎಲ್‌ಇಡಿಗೆ ಅದಕ್ಕಿಂತ ತೆಳುಚಿಪ್ಪಿನದನ್ನೇ ಬಳಸಿದೆ.