ಪುಷ್ ಅಪ್ ಲೆಕ್ಕ ಆಮೇಲೆ, ಮೊದಲು ಅಂಗೈ ನೋಡಿಕೊಳ್ಳಿ

ಏಪ್ರಿಲ್‌ನಲ್ಲಿ ಆಲ್ದೂರು ಹತ್ತಿರದ ಅಣ್ಣನ ಮನೆಗೆ ಹೋಗಿದ್ದೆ. ಕಾಫಿ ಒಣಗಿಸುವ ಸಿಮೆಂಟ್ ಕಣ ಖಾಲಿ ಬಿದ್ದಿತ್ತು. ಪಿಯುಸಿ ಮುಗಿಸಿ ರಜೆಯಲ್ಲಿದ್ದ ಅಣ್ಣನ ಮಗ ಅದರ ನಡುವೆ ಪುಷ್ ಅಪ್ ಹೊಡೆಯುತ್ತಿದ್ದ. ಎಲ್ಲಾ ಮೊಬೈಲ್ ನೋಡಿ ಕಲಿತದ್ದು. ಇಪ್ಪತ್ತೈದಕ್ಕೆ ಎದ್ದು ಕೂತು ಎಡಗೈ ಮಣಿಕಟ್ಟು ಹಿಚುಕಿಕೊಂಡ.

"ಇನ್ನೂ ಹತ್ತು ಹೊಡೀಬಹುದು ಚಿಕ್ಕಪ್ಪ, ಆದ್ರೆ ಇಲ್ಲಿ ಚುಚ್ಚುತ್ತೆ."

"ಕೈ ಒದ್ದೆ ಮಾಡ್ಕೊಂಡು ಬಾ," ಅಂದೆ.

ನಲ್ಲಿಗೆ ಕೈ ಒಡ್ಡಿ ಬಂದವನು ಪುಷ್ ಅಪ್‌ಗೆ ಇಡುವ ಹಾಗೆಯೇ ಕಣದ ಮೇಲೆ ಅಂಗೈ ಒತ್ತಿ ತೆಗೆದ. ಬಿಸಿಲಿಗೆ ಒಣಗಿದ ಸಿಮೆಂಟಿನ ಮೇಲೆ ಅಚ್ಚು ಸ್ಪಷ್ಟವಾಗಿ ಮೂಡಿತು. ಅಂಗೈ ಬುಡದಲ್ಲಿ ಎರಡು ದಪ್ಪ ಮಚ್ಚೆ. ಬೆರಳ ತುದಿಯಲ್ಲಿ ಐದು ಚುಕ್ಕೆ. ನಡುವೆ, ತೋರುಬೆರಳ ಬುಡ ಇರಬೇಕಾದ ಕಡೆ ನೆಲ ಒಣಗಿಯೇ ಇತ್ತು. ನೋವಿನ ಕಾರಣ ಅಲ್ಲೇ ಬರೆದಿಟ್ಟಂತಿತ್ತು.

ಕೈ ಏನೂ ಕಾಲಲ್ಲ. ಮಣಿಕಟ್ಟಿನಲ್ಲಿ ಇರುವುದು ಎಂಟು ಪುಟ್ಟ ಮೂಳೆ. ಬಹಳ ಜನರ ಮಣಿಕಟ್ಟು ಹಿಂದಕ್ಕೆ ಎಪ್ಪತ್ತು, ಎಂಬತ್ತು ಡಿಗ್ರಿ ಸಲೀಸಾಗಿ ಮಡಚುತ್ತದೆ. ನೆಲಕ್ಕೆ ಅಂಗೈಯೂರಿ ಮೈ ಹೊರಬೇಕೆಂದರೆ ಹತ್ತಿರಹತ್ತಿರ ತೊಂಬತ್ತು ಬೇಕು. ಆ ಕೊರತೆ ಇರುವಾಗ ಭಾರವನ್ನೆಲ್ಲ ಅಂಗೈ ಬುಡಕ್ಕೇ ಬಿಟ್ಟರೆ ಮಣಿಕಟ್ಟಿನ ಮೇಲ್ಭಾಗದಲ್ಲಿ ಹಿಂಡಿದ ಹಾಗಾಗುತ್ತದೆ. ತೋಳು ಬೇಗ ಬಲಿಯುತ್ತದೆ, ಕೀಲಿನ ನಾರುಗಳು ನಿಧಾನ. ಹೊಸಬರು ಸಿಕ್ಕಿಕೊಳ್ಳುವುದು ಈ ಅಂತರದಲ್ಲೇ.

ನೆಲ ಮತ್ತು ಕೈ ಸಿದ್ಧತೆ

ಉಂಗುರ, ವಾಚು, ಕೈದಾರ ತೆಗೆದಿಡಿ. ನೆಲ ಗುಡಿಸಿ. ಕಣದಲ್ಲಾದರೆ ಸಣ್ಣ ಹರಳು ಇದ್ದೇ ಇರುತ್ತದೆ. ಮಳೆಗಾಲದಲ್ಲಿ ಕಣದ ಸಹವಾಸವೇ ಬೇಡ, ಪಾಚಿ ಕಟ್ಟಿರುತ್ತದೆ. ಮಲೆನಾಡಿನ ಮನೆಗಳಲ್ಲಿ ಜುಲೈನಲ್ಲಿ ಟೈಲ್ಸ್ ಕೂಡ ಬೆವರುತ್ತದೆ, ಒಣಬಟ್ಟೆಯಲ್ಲಿ ಒರೆಸಿಕೊಂಡೇ ಶುರು ಮಾಡಿ. ಮೆತ್ತಗಿರಲಿ ಅಂತ ಹಾಸಿಗೆ, ದಪ್ಪ ಫೋಮ್ ಮೇಲೆ ಮಾಡುವವರಿದ್ದಾರೆ. ಅದು ಉಲ್ಟಾ. ಅಂಗೈ ಬುಡ ಒಳಗೆ ಹೂತು ಮಣಿಕಟ್ಟು ಇನ್ನೂ ಜಾಸ್ತಿ ಮಡಚುತ್ತದೆ. ಜಾರದ, ತೆಳುವಾದ, ಗಟ್ಟಿ ಮ್ಯಾಟ್ ಸಾಕು. ಬರಿ ನೆಲವೂ ಆಗುತ್ತದೆ.

ಆಮೇಲೆ ನಾಲ್ಕೈದು ನಿಮಿಷ ಮಣಿಕಟ್ಟಿಗೆ. ಮಂಡಿಯೂರಿ, ಅಂಗೈ ಮುಂದಿಟ್ಟು, ಭುಜ ಮುಂದಕ್ಕೆ ತಂದು ಹಿಂದಕ್ಕೆ ಒಯ್ಯಿರಿ, ಹತ್ತು ಸಲ. ಬೆರಳನ್ನು ಮಂಡಿ ಕಡೆ ತಿರುಗಿಸಿ ಮೆಲ್ಲಗೆ ಹಿಂದಕ್ಕೆ ಕೂರಿ, ಹತ್ತು ಸಲ. ಬೆರಳು ನೆಲದಲ್ಲೇ ಇರಲಿ, ಅಂಗೈ ಬುಡ ಮಾತ್ರ ಎತ್ತಿ ಇಳಿಸಿ, ಹತ್ತು ಸಲ. ಈ ಕೊನೆಯದನ್ನು ಬಿಡಬೇಡಿ. ಮುಂದೆ ತಲೆಕೆಳಗಾಗಿ ನಿಂತಾಗ ಕಾಪಾಡುವ ಬಲ ಇದರಲ್ಲೇ ಬರುವುದು.

ಕೈ ಇಡುವ ಬಗೆ

ಅಡುಗೆಮನೆಯಿಂದಲೇ ಹೇಳುತ್ತೇನೆ. ಹಿಟ್ಟು ನಾದುವಾಗ ಭಾರ ಎಲ್ಲಿ ಬೀಳುತ್ತದೆ? ಅಂಗೈ ಬುಡಕ್ಕೆ. ಬಾಳೆಲೆ ಮೇಲೆ ಅಕ್ಕಿರೊಟ್ಟಿ ತಟ್ಟುವಾಗ? ಬೆರಳಿಗೆ, ಬೆರಳ ಬುಡಕ್ಕೆ. ನಮಗೆ ಬೇಕಾದದ್ದು ರೊಟ್ಟಿ ತಟ್ಟುವ ಕೈ.

ಎರಡೂ ಅಂಗೈ ಭುಜದಷ್ಟು ಅಂತರದಲ್ಲಿ, ಭುಜದ ನೇರ ಕೆಳಗೆ ಇಡಿ. ಬೆರಳು ಅಗಲಿಸಿ, ಸೆಟೆದು ನಡುಗುವಷ್ಟಲ್ಲ. ನಡುಬೆರಳು ನೇರ ಮುಂದೆ ನೋಡಲಿ. ಮಣಿಕಟ್ಟು ಬಿಗಿ ಅನ್ನಿಸಿದರೆ ತೋರುಬೆರಳು ನೇರವಾಗುವಷ್ಟು ಕೈಯನ್ನು ಹೊರಕ್ಕೆ ತಿರುಗಿಸಿ. ಎರಡರಲ್ಲಿ ಯಾವುದು ಹಾಯೆನಿಸುತ್ತದೋ ಅದೇ ಸರಿ. ಒಳಕ್ಕೆ ಮಾತ್ರ ತಿರುಗಿಸಬೇಡಿ, ಮೊಣಕೈ ಹೊರಗೆ ಓಡುತ್ತದೆ.

ಈಗ ತೋರುಬೆರಳ ಬುಡ, ಹೆಬ್ಬೆರಳ ಬುಡ ಎರಡನ್ನೂ ನೆಲಕ್ಕೆ ಒತ್ತಿ. ಭಾರ ಜಾರಿ ಕಿರುಬೆರಳ ಕಡೆ ಹೋಗುವುದು ಎಲ್ಲರ ಚಾಳಿ. ಬೆರಳ ನಡುಗೆಣ್ಣು ಸ್ವಲ್ಪ ಮೇಲೆದ್ದು, ತುದಿ ನೆಲ ಕಚ್ಚಲಿ. ಗೋಡೆ ಮೇಲಿನ ಹಲ್ಲಿಯ ಕಾಲು ನೋಡಿದ್ದೀರಲ್ವಾ, ಹಾಗೆ.

ಹುಡುಗನಿಗೆ ಹೀಗೆ ಇಡಿಸಿ ಮತ್ತೆ ಒದ್ದೆ ಅಚ್ಚು ತೆಗೆಸಿದೆ. ಬೆರಳ ಬುಡದಲ್ಲಿ ಸಾಲು ಮಚ್ಚೆ ಬಂತು, ಒಳ ಅಂಗೈಯ ಗುಳಿ ಮಾತ್ರ ಖಾಲಿ. ಕೈ ಒರೆಸಿಕೊಂಡು ಐದು ಪುಷ್ ಅಪ್ ಹೊಡೆದ. ಐದೇ, ಯಾಕೆಂದರೆ ಆರನೆಯದಕ್ಕೆ ಮುಂಗೈ ನಡುಗಿತು. ಇಪ್ಪತ್ತೈದು ಹೊಡೆಯುತ್ತಿದ್ದವನಿಗೆ ಅವಮಾನ. ನನಗೆ ಖುಷಿ, ಮುಂಗೈ ಕೆಲಸಕ್ಕೆ ಬಂತಲ್ಲ!

ಮೊಣಕೈ ವಿಚಾರ ಚಿಕ್ಕದು. ಇಳಿಯುವಾಗ ಅವು ಪಕ್ಕೆಯಿಂದ ಸುಮಾರು 45 ಡಿಗ್ರಿಯಲ್ಲಿರಲಿ, ರೆಕ್ಕೆ ಬಿಚ್ಚಿದ ಹಾಗೆ ಬೇಡ.

ಎಲ್ಲಿಂದ ಶುರು?

ನೆಲದಿಂದಲೇ ಶುರು ಮಾಡಬೇಕು ಅಂತ ಯಾರು ಹೇಳಿದ್ದು? ಗೋಡೆಗೆ ಕೈಕೊಟ್ಟು ಹದಿನೈದು. ಅದು ಸಲೀಸಾದ ಮೇಲೆ ಜಗಲಿ ಕಟ್ಟೆ. ಆಮೇಲೆ ಮಂಡಿಯೂರಿ ನೆಲ, ಕೊನೆಗೆ ಪೂರ್ತಿ ನೆಲ. ಎಲ್ಲ ಕಡೆಯೂ ಅದೇ ರೊಟ್ಟಿ ತಟ್ಟುವ ಕೈ. ಮಣಿಕಟ್ಟು ಮಡಚಲೇ ಒಪ್ಪದಿದ್ದರೆ ಎರಡು ಡಂಬೆಲ್ ಹಿಡಿದು ಮಾಡಿ. ಅದು ಉರುಳದಂತಿರಬೇಕು, ಅಂಚಿರುವ ಡಂಬೆಲ್ ಒಳ್ಳೆಯದು. ಮುಷ್ಟಿ ಕಟ್ಟಿ ಮಾಡಿದರೂ ಮಣಿಕಟ್ಟು ನೇರ ಉಳಿಯುತ್ತದೆ. ಗರಡಿಯಲ್ಲಿ ಇಟ್ಟಿಗೆಯ ಅಂಚು ಹಿಡಿದು ದಂಡ ಹೊಡೆಯುವುದರಲ್ಲೂ ಇದೇ ಅನುಕೂಲ.

ನೆಲದ ಪುಷ್ ಅಪ್ ಹದಿನೈದು ನೋವಿಲ್ಲದೆ ಬಂದರೆ ಕಪ್ಪೆ ನಿಲುವಿಗೆ ಹೋಗಬಹುದು. ಯೋಗದ ಬಕಾಸನದ ತಮ್ಮ ಇದು. ಕುಕ್ಕರಗಾಲಲ್ಲಿ ಕೂತು, ಮಂಡಿಯನ್ನು ತೋಳಿಗೆ ಆನಿಸಿ, ಮುಂದಕ್ಕೆ ವಾಲಿ ಪಾದ ಎತ್ತುವುದು. ಮುಖದ ಮುಂದೊಂದು ದಿಂಬು ಇಡಿ, ನಾಚಿಕೆ ಬೇಡ. ಮುಂದಕ್ಕೆ ಬೀಳುತ್ತಿದ್ದೀರಿ ಅನ್ನಿಸಿದರೆ ಬೆರಳ ತುದಿ ಒತ್ತಿ, ಮೈ ಹಿಂದಕ್ಕೆ ಬರುತ್ತದೆ. ಹಿಂದಕ್ಕೆ ಬೀಳುತ್ತಿದ್ದರೆ ಬೆರಳು ಸಡಿಲಿಸಿ. ಬೆರಳೇ ಬ್ರೇಕು. ಈ ಬ್ರೇಕ್ ಕೈಗೆ ಸಿಗುವವರೆಗೆ ಹ್ಯಾಂಡ್‌ಸ್ಟ್ಯಾಂಡ್, ಅಂದರೆ ಕೈಯೂರಿ ತಲೆಕೆಳಗಾಗಿ ನಿಲ್ಲುವ ಮಾತೆತ್ತಬೇಡಿ.

ಹ್ಯಾಂಡ್‌ಸ್ಟ್ಯಾಂಡ್‌ಗೆ ಹೊಸಬರು ಎದೆ ಗೋಡೆ ಕಡೆ ಮಾಡಿ ಪಾದವನ್ನು ಮೆಲ್ಲಗೆ ಮೇಲಕ್ಕೆ ನಡೆಸುವುದೇ ವಾಸಿ. ಅರ್ಧ ದಾರಿಗೆ ನಿಂತರೂ ಸರಿ. ಕಾಲು ಒದ್ದು ಹಾರುವ ಚಪಲ ಆಮೇಲಿರಲಿ. ಮೇಲೆ ಹೋಗುವ ಮೊದಲು ಇಳಿಯುವುದು ಕಲಿಯಿರಿ. ಗೋಡೆ ಬಿಟ್ಟು ಬೆನ್ನ ಕಡೆ ವಾಲಿದರೆ ಒಂದು ಕೈ ಎತ್ತಿ ಒಂದು ಹೆಜ್ಜೆ ಮುಂದಿಡಿ, ಮೈ ತಿರುಗಿ ಪಾದಗಳು ಪಕ್ಕಕ್ಕೆ ಇಳಿಯುತ್ತವೆ. ಇದನ್ನು ಮೊದಲು ತಗ್ಗಿನಲ್ಲೇ, ಪಾದ ಸೊಂಟದೆತ್ತರಕ್ಕಿರುವಾಗ ಅಭ್ಯಾಸ ಮಾಡಿ.

ನಾನು ಇದನ್ನು ಕಲಿಯದೆ ಹಾರಿದವನು. ಹಾಸನದಲ್ಲಿ ಬಾಡಿಗೆ ರೂಮಿನಲ್ಲಿದ್ದಾಗ ಟೈಲ್ಸ್ ಮೇಲೆ ಮಡಚಿದ ಜಮಖಾನ ಹಾಕಿ ಕಾಲು ಒದ್ದು ಹಾರಿದೆ. ಜಮಖಾನ ಜಾರಿತು, ಹಿಂದಕ್ಕೆ ಬೀಳುತ್ತಾ ಬಲಗೈ ಊರಿದೆ. ಹೆಬ್ಬೆರಳ ಬುಡದ ಗುಳಿಯಲ್ಲಿ ಮುಟ್ಟಿದರೆ ನೋವು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ, ಆದರೂ ಡಾಕ್ಟರ್ ಪಟ್ಟಿ ಹಾಕಿ ಎರಡು ವಾರಕ್ಕೆ ಬರಲು ಹೇಳಿದರು. ಎರಡನೇ ಎಕ್ಸ್‌ರೇಯಲ್ಲಿ ಕೂದಲೆಳೆಯಂಥ ಗೆರೆ ಕಂಡಿತು. ಸ್ಕ್ಯಾಫಾಯ್ಡ್ ಎಂಬ ಆ ಮೂಳೆ ಕೈಯೂರಿ ಬಿದ್ದಾಗ ಮುರಿಯುವುದು ಹೆಚ್ಚು, ಮೊದಲ ಎಕ್ಸ್‌ರೇಗೆ ಸಿಗದೆಯೂ ಇರುತ್ತದೆ. ರಕ್ತದ ಹರಿವು ಕಡಿಮೆ, ಕೂಡಿಕೊಳ್ಳುವುದೂ ನಿಧಾನ. ಬಿದ್ದ ಮೇಲೆ ಆ ಗುಳಿಯಲ್ಲಿ ನೋವಿದ್ದರೆ "ಉಳುಕು" ಅಂತ ನೀವೇ ತೀರ್ಮಾನಿಸಿ ತೈಲ ತಿಕ್ಕಿಕೊಂಡು ಕೂರಬೇಡಿ.

ಬೀಳದೆ ಬರುವ ನೋವೂ ಇದೆ. ಮುಂಗೈ ಉರಿದು ಮಾರನೆಯ ದಿನ ಕಳೆಯುವುದು ಮಾಮೂಲು. ಮಡಚಿದಾಗ ಒಂದೇ ಜಾಗದಲ್ಲಿ ಚುಚ್ಚುವುದು, ಬೆರಳು ಜುಮ್ಮೆನ್ನುವುದು ಮಾಮೂಲಲ್ಲ. ಅಂದಿಗೆ ನಿಲ್ಲಿಸಿ. ಕಡಿಮೆಯಾಗದಿದ್ದರೆ ಡಾಕ್ಟರಿಗೆ ತೋರಿಸಿ.

ಕಂಬಿ ಹಿಡಿಯುವಾಗ

ಪುಲ್ ಅಪ್ ಕಂಬಿಯಲ್ಲಿ ಲೆಕ್ಕ ಬೇರೆ. ಕಂಬಿಯನ್ನು ಅಂಗೈ ನಡುವೆ ಇಟ್ಟು ಮುಷ್ಟಿ ಕಟ್ಟಿದರೆ ಚರ್ಮ ಮಡಿಕೆ ಬಿದ್ದು, ಜಡ್ಡುಗಟ್ಟಿ, ಒಂದು ದಿನ ಕಿತ್ತು ಬರುತ್ತದೆ. ಬೆರಳ ಬುಡದ ಗೆರೆಗೇ ಕಂಬಿ ಕೂರಿಸಿ, ಹೆಬ್ಬೆರಳು ಸುತ್ತಿ ಹಿಡಿಯಿರಿ. ಮೊದಲು ಬರೀ ಜೋತಾಡಿ, ಹತ್ತು ಸೆಕೆಂಡ್. ಮೈದಾನದ ಕಂಬಿಗೆ ಬೆಳಗಿನ ಇಬ್ಬನಿ ಕೂತಿರುತ್ತದೆ, ಟವೆಲ್ ಒಯ್ಯಿರಿ. ಜಡ್ಡನ್ನು ಸ್ನಾನದ ಹೊತ್ತಲ್ಲಿ ಉಜ್ಜುಕಲ್ಲಿನಿಂದ ತಿಕ್ಕಿ ಸಮ ಮಾಡಿ. ಬ್ಲೇಡ್ ಬೇಡ.

ಡಿಸೆಂಬರ್ ಬಂದರೆ ಕಣದ ತುಂಬ ಕಾಫಿ. ಹುಡುಗ ಈಗ ಹಾಲ್‌ನ ಕೆಂಪು ನೆಲಕ್ಕೆ ಬಂದಿದ್ದಾನೆ. ಅಚ್ಚು ಕಾಣಲಿ ಅಂತ ಕೈಗೆ ಅಕ್ಕಿಹಿಟ್ಟು ಸವರಿಕೊಂಡು ಒತ್ತಿದನಂತೆ. ಹಿಟ್ಟಿರುವ ಕೈಯಲ್ಲಿ ವ್ಯಾಯಾಮ ಮಾಡಬೇಡ, ಜಾರುತ್ತೆ, ಅಚ್ಚು ನೋಡಿ ತೊಳ್ಕೋ ಅಂತ ಫೋನಿನಲ್ಲಿ ಹೇಳಿದೆ. ಹಿಂದಿನಿಂದ ಅತ್ತಿಗೆಯ ದನಿ ಕೇಳಿಸಿತು: "ಕೃಷ್ಣಾಷ್ಟಮಿ ಮುಗ್ದು ಎಷ್ಟು ದಿನ ಆಯ್ತು, ಇನ್ನೂ ನೆಲದ ತುಂಬ ಗುರುತು ಒತ್ತಿಕೊಂಡು ಕೂತಿದಾನೆ!"